ಬೋರ್ಡು ಕನ್ನಡವಾಯಿತು, ಪೆಟ್ಟಿಗೆ ಯಾರದು?



ಮುಂದಕ್ಕೆ ಓದುವ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯ ಟಿ.ವಿ. ಹಿಂದೆಯೋ, ಗೋಡೆ ಕಪಾಟಿನ ಮೇಲೋ ಹಗಲೂ ರಾತ್ರಿ ಮಿಣಮಿಣ ಅನ್ನುತ್ತ ಕೂತಿರುವ ವೈಫೈ ಪೆಟ್ಟಿಗೆ ಇದೆಯಲ್ಲ, ಅದನ್ನು ಎತ್ತಿ ಬೆನ್ನು ತಿರುಗಿಸಿ ನೋಡಿ. ಅಲ್ಲೊಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಕನ್ನಡದ ಒಂದೇ ಒಂದು ಅಕ್ಷರ ಇದ್ದರೆ ನನಗೆ ತಂದು ತೋರಿಸಿ, ನಿಮ್ಮ ಮನೆಯ ಮದುವೆಯ ಕರೆಯೋಲೆಯನ್ನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಈ ಪಂಥದಲ್ಲಿ ನಾನು ಸೋಲುವುದಿಲ್ಲ ಎಂಬ ಧೈರ್ಯ ನನಗಿದೆ. ನನ್ನ ಸಂಕಟವೂ ಅದೇ.

ನಾವು ಬೋರ್ಡುಗಳಿಗಾಗಿ ಹೋರಾಡಿದವರು. ಮಸಿ ಬಳಿದೆವು, ಲಾಠಿ ಏಟು ತಿಂದೆವು, ಕೋರ್ಟಿಗೆ ಅಲೆದೆವು. ೨೦೨೪ರಲ್ಲಿ ನಾಮಫಲಕದ ಶೇಕಡ ೬೦ ಭಾಗ ಕನ್ನಡದಲ್ಲಿರಬೇಕು ಎಂಬ ಕಾನೂನು ಬಂತು. ೨೦೨೫ರ ಫೆಬ್ರವರಿಯಲ್ಲಿ, ಕರ್ನಾಟಕದಲ್ಲಿ ತಯಾರಾಗುವ ಸಾಮಾನುಗಳ ಪೊಟ್ಟಣದ ಮೇಲೆ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ಸರ್ಕಾರ ಆದೇಶ ಹೊರಡಿಸಿತು. ಸಂತೋಷ. ಆದರೆ ಬೋರ್ಡು ಅಂಗಡಿಯ ಹೊರಗಿರುತ್ತದೆ. ಪೊಟ್ಟಣವನ್ನು ನಾವು ಬಿಚ್ಚಿದ ದಿನವೇ ಬಿಸಾಡುತ್ತೇವೆ. ಒಳಗಿರುವ ಯಂತ್ರ ಐದಾರು ವರ್ಷ ನಮ್ಮ ಮನೆಯಲ್ಲೇ ಇದ್ದು, ನಮ್ಮ ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ, ಹೆಂಡತಿಯ ಫೋನ್ ಮಾತು ಎಲ್ಲವನ್ನೂ ತನ್ನ ಹೊಟ್ಟೆಯೊಳಗೆ ಹಾಯಿಸಿಕೊಳ್ಳುತ್ತದೆ. ಅದು ಯಾವ ಭಾಷೆಯಲ್ಲಿ ಮಾತಾಡುತ್ತದೆ? ಯಾರ ಮಾತು ಕೇಳುತ್ತದೆ? ಇದನ್ನು ನಾವು ಕೇಳಿಯೇ ಇಲ್ಲ.

ನಾನೂ ಕೇಳಿರಲಿಲ್ಲ. ಪೆಟ್ಟು ಬಿದ್ದ ಮೇಲೆ ಕೇಳಿದೆ.

ಲಾಟರಿ ಬಂದ ಮನೆ

ನಮ್ಮದು ಮುಂದೆ ಪ್ರೆಸ್ಸು, ಹಿಂದೆ ಮನೆ. ಎರಡಕ್ಕೂ ಒಂದೇ ಇಂಟರ್‌ನೆಟ್ ಲೈನು, ಒಂದೇ ಪೆಟ್ಟಿಗೆ. ಒಂದು ದಿನ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಯಾವ ಪುಟ ತೆರೆದರೂ ‘ನಿಮಗೆ ಬಹುಮಾನ ಬಂದಿದೆ’ ಎಂಬ ಜಾಹೀರಾತು ಕುಣಿಯತೊಡಗಿತು. ವೈರಸ್ಸು ಬಂದಿದೆ ಅಂದುಕೊಂಡು ಕಂಪ್ಯೂಟರ್ ರಿಪೇರಿಯವನಿಗೆ ಐನೂರು ರೂಪಾಯಿ ಕೊಟ್ಟು ತೊಳೆಸಿದೆ. ಹೋಗಲಿಲ್ಲ. ಮನೆಯವಳ ಫೋನಿನಲ್ಲೂ ಅದೇ, ಮಗನ ಫೋನಿನಲ್ಲೂ ಅದೇ. ಮೂರನೆಯ ದಿನ ನಮ್ಮ ಬ್ಯಾಂಕಿನ ಪುಟ ತೆರೆದರೆ ಬಣ್ಣ ಅದೇ, ಲಾಂಛನ ಅದೇ, ಆದರೆ ಎ.ಟಿ.ಎಂ. ಕಾರ್ಡಿನ ಪಿನ್ನು ಕೇಳುತ್ತಿದೆ! ನನ್ನ ಪುಣ್ಯ, ಪ್ರೂಫ್ ನೋಡಿ ನೋಡಿ ಕಣ್ಣು ಪಳಗಿತ್ತು. ಬ್ಯಾಂಕಿನ ಹೆಸರಿನ ಕಾಗುಣಿತದಲ್ಲಿ ಒಂದಕ್ಷರ ತಪ್ಪಿತ್ತು. ಕೈ ಹಿಂದೆಗೆದುಕೊಂಡೆ.

ಭಾನುವಾರ ಡಿಪ್ಲೊಮಾ ಓದಿರುವ ಅಕ್ಕನ ಮಗ ಬಂದ. ಕಂಪ್ಯೂಟರ್ ಮುಟ್ಟಲೇ ಇಲ್ಲ, ನೇರವಾಗಿ ಪೆಟ್ಟಿಗೆ ಹತ್ತಿರ ಹೋದ.

“ಮಾವ, ಇದರ ಪಾಸ್‌ವರ್ಡ್ ಬದಲಾಯಿಸಿದ್ರಾ?”

“ವೈಫೈ ಪಾಸ್‌ವರ್ಡ್ ಬದಲಾಯಿಸಿದ್ದೀನಲ್ಲೋ, ನಿಮ್ಮತ್ತೆ ಹುಟ್ಟಿದ ದಿನ ಹಾಕಿದ್ದೀನಿ.”

“ಅದಲ್ಲ ಮಾವ. ಪೆಟ್ಟಿಗೆಯ ಒಳಗೆ ಹೋಗೋ ಪಾಸ್‌ವರ್ಡು.”

ಹಾಗೊಂದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಾರ್ಖಾನೆಯಿಂದ ಬಂದಾಗ ‘ಅಡ್ಮಿನ್’ ಅಂತ ಇತ್ತಂತೆ, ಐದು ವರ್ಷವಾದರೂ ಹಾಗೇ ಇತ್ತು. ಬೀಗ ಇದೆ, ಬೀಗದ ಕೈ ಬಾಗಿಲಲ್ಲೇ ನೇತುಹಾಕಿದೆ. ಯಾವನೋ ಒಳಗೆ ಬಂದು, ಪುಟದ ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯನ್ನೇ ತಿರುಚಿದ್ದ. ಡಿಎನ್‌ಎಸ್ ಅನ್ನುತ್ತಾರೆ ಅದಕ್ಕೆ. ನಾನು ಬ್ಯಾಂಕಿಗೆ ದಾರಿ ಕೇಳಿದರೆ ಅದು ಕಳ್ಳನ ಮನೆಗೆ ಕೈ ತೋರಿಸುತ್ತಿತ್ತು. ಅಂಚೆಯವನೇ ಕಳ್ಳರ ಕಡೆ ಸೇರಿಕೊಂಡಂತೆ.

ಪೆಟ್ಟಿಗೆ ಮಾಡಿದ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಆ ಕಡೆಯಿಂದ ಹಿಂದಿ. “ಕನ್ನಡದಲ್ಲಿ ಮಾತಾಡಿ” ಅಂದೆ. ಇಂಗ್ಲಿಷಿಗೆ ಬದಲಾಯಿಸಿದರು. ಹತ್ತು ನಿಮಿಷ ಹಾಡು ಕೇಳಿಸಿದ ಮೇಲೆ ಉತ್ತರ ಬಂತು: ಆ ಮಾದರಿಯನ್ನು ನಿಲ್ಲಿಸಿಯಾಗಿದೆ, ಅದಕ್ಕೆ ಹೊಸ ಫರ್ಮ್‌ವೇರ್ ಬರುವುದಿಲ್ಲ, ಬೇರೆ ಕೊಂಡುಕೊಳ್ಳಿ. ಪೆಟ್ಟಿಗೆಯ ದೀಪ ಉರಿಯುತ್ತಿದೆ, ಯಂತ್ರ ಗುಂಡುಕಲ್ಲಿನ ಹಾಗಿದೆ, ಆದರೆ ಕಂಪನಿಯ ಲೆಕ್ಕದಲ್ಲಿ ಅದು ಸತ್ತುಹೋಗಿದೆ!

ಫರ್ಮ್‌ವೇರ್ ಎಂದರೆ ಮತ್ತೇನಲ್ಲ, ಆ ಪೆಟ್ಟಿಗೆಯನ್ನು ನಡೆಸುವ ಒಳಗಿನ ತಂತ್ರಾಂಶ. ಅದರಲ್ಲಿ ತೂತು ಬಿದ್ದಾಗಲೆಲ್ಲ ತೇಪೆ ಹಾಕಬೇಕು. ತೇಪೆ ಹಾಕುವುದನ್ನು ಕಂಪನಿ ನಿಲ್ಲಿಸಿದ ದಿನದಿಂದ ತೂತು ತೂತಾಗಿಯೇ ಉಳಿಯುತ್ತದೆ. ಇದು ನನ್ನೊಬ್ಬನ ಮನೆಯ ಕಥೆಯಲ್ಲ. ೨೦೧೮ರ ಮೇ ತಿಂಗಳಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ದುಷ್ಟ ತಂತ್ರಾಂಶ ೫೪ ದೇಶಗಳಲ್ಲಿ ಕಡೇಪಕ್ಷ ಐದು ಲಕ್ಷ ರೌಟರು ಮತ್ತಿತರ ಯಂತ್ರಗಳ ಒಳಗೆ ಸೇರಿಕೊಂಡಿದ್ದು ಬಯಲಾಯಿತು. ಅಮೆರಿಕದ ಎಫ್‌ಬಿಐನವರು ಎಲ್ಲರೂ ನಿಮ್ಮ ನಿಮ್ಮ ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಿ ಎಂದು ಡಂಗುರ ಹೊಡೆಸಬೇಕಾಯಿತು. ಆ ಡಂಗುರ ಕನ್ನಡದಲ್ಲಿ ನಿಮ್ಮ ಬೀದಿಗೆ ಬಂತೆ?

ಅಪ್ಪನ ಮೊಳೆ, ನನ್ನ ಡಾಂಗಲ್

ಅಕ್ಕನ ಮಗ ಹೇಳಿದ: “ಮಾವ, ಕಂಪನಿಯ ಫರ್ಮ್‌ವೇರ್ ಕಿತ್ತುಹಾಕಿ ಬೇರೆಯದು ಹಾಕಬಹುದು. ಓಪನ್‌ಡಬ್ಲ್ಯುಆರ್‌ಟಿ ಅಂತ ಇದೆ. ಯಾರ ಅಪ್ಪನ ಸೊತ್ತೂ ಅಲ್ಲ. ಪುಕ್ಕಟೆ.”

ಪುಕ್ಕಟೆ ಅಂದರೆ ನನಗೆ ಅನುಮಾನ. ಆದರೆ ‘ಯಾರ ಸೊತ್ತೂ ಅಲ್ಲ’ ಅಂದದ್ದು ಮನಸ್ಸಿಗೆ ನಾಟಿತು. ಅದಕ್ಕೆ ಕಾರಣ ನನ್ನ ಕಸುಬು.

ನಮ್ಮಪ್ಪ ಟ್ರೆಡಲ್ ಮೆಷಿನ್ ಇಟ್ಟಿದ್ದರು. ಅಚ್ಚುಮೊಳೆಗಳನ್ನು ಕೆ.ಜಿ. ಲೆಕ್ಕದಲ್ಲಿ ತರುತ್ತಿದ್ದರು. ಒಮ್ಮೆ ದುಡ್ಡು ಕೊಟ್ಟರೆ ಮೊಳೆ ಅವರದು. ಲಗ್ನಪತ್ರಿಕೆ ಜೋಡಿಸಲಿ, ಕನ್ನಡ ಚಳವಳಿಯ ಕರಪತ್ರ ಜೋಡಿಸಲಿ, ಮೊಳೆ ಮಾರಿದವನು ಬಂದು “ನನ್ನ ಮೊಳೆಯಲ್ಲಿ ಇದನ್ನು ಅಚ್ಚು ಹಾಕಬೇಡ” ಅನ್ನುವಂತಿರಲಿಲ್ಲ. ಸವೆದರೆ ಕರಗಿಸಲು ಕೊಟ್ಟು ಹೊಸದು ತರುತ್ತಿದ್ದರು. ಒತ್ತಕ್ಷರ ಮುರಿದರೆ ಅರ ಹಿಡಿದು ಬೇರೊಂದನ್ನು ತಿದ್ದಿ ಕೂರಿಸುತ್ತಿದ್ದ ಮುದುಕ ಕಂಪೋಸಿಟರ್ ಒಬ್ಬರಿದ್ದರು. ಯಂತ್ರ ಅವರ ಕೈಯಲ್ಲಿತ್ತು.

ನಾನು ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಕೂತಾಗ ಡಿ.ಟಿ.ಪಿ. ಬಂದಾಗಿತ್ತು. ಕನ್ನಡ ಬೆರಳಚ್ಚಿನ ತಂತ್ರಾಂಶಕ್ಕೆ ಸಾವಿರಾರು ರೂಪಾಯಿ ಕೊಟ್ಟೆ. ಜೊತೆಗೊಂದು ಬೆರಳುದ್ದದ ಡಾಂಗಲ್. ಕಂಪ್ಯೂಟರಿನ ಹಿಂದೆ ಅದನ್ನು ಸಿಕ್ಕಿಸಿದರೆ ಮಾತ್ರ ನನ್ನ ಮಾತೃಭಾಷೆ ತೆರೆ ಮೇಲೆ ಮೂಡುತ್ತಿತ್ತು. ಒಂದು ಮಳೆಗಾಲ ಸಿಡಿಲು ಬಡಿದು ಡಾಂಗಲ್ ಸುಟ್ಟುಹೋಯಿತು. ನವೆಂಬರಿನ ರಾಜ್ಯೋತ್ಸವ ಸಂಚಿಕೆಯ ೪೮ ಪುಟ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು, ಆದರೆ ಓದಲು ಬರುತ್ತಿರಲಿಲ್ಲ. ಪಕ್ಕದ ಪ್ರೆಸ್ಸಿಗೆ ಫ್ಲಾಪಿ ಹೊತ್ತೊಯ್ದರೆ ಅವರದ್ದು ಬೇರೆ ಕಂಪನಿಯ ತಂತ್ರಾಂಶ, ನಮ್ಮ ಅಕ್ಷರಗಳೆಲ್ಲ ಅಲ್ಲಿ ಮಂತ್ರವಾದಿಯ ಯಂತ್ರದ ಹಾಗೆ ಕಂಡವು. ಡಾಂಗಲ್ಲಿಗೆ ಮತ್ತೆ ಪೂರ್ತಿ ದುಡ್ಡು ಕೇಳಿದರು. ಕೊಟ್ಟೆ. ಕನ್ನಡಿಗನಾಗಿ ಹುಟ್ಟಿದ್ದಕ್ಕೆ ಕನ್ನಡದ ಬಾಡಿಗೆ ಎರಡು ಸಲ ಕಟ್ಟಿದವನು ನಾನು.

ಆ ಕಾಡು ಕಡಿದು ದಾರಿ ಮಾಡಿದವರು ದೊಡ್ಡ ಕಂಪನಿಗಳಲ್ಲ, ಬಂಧುಗಳೇ. ಕೆ.ಪಿ. ರಾಯರು ಕನ್ನಡಕ್ಕೆ ತರ್ಕಬದ್ಧವಾದ ಕೀಲಿಮಣೆ ವಿನ್ಯಾಸ ಮಾಡಿದರು. ಶೇಷಾದ್ರಿವಾಸು ಅವರು ‘ಬರಹ’ ಕೊಟ್ಟರು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕಾದಂಬರಿ ಬದಿಗಿಟ್ಟು ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದರು. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್ ಇವುಗಳ ಪರದೆಯ ಮಾತನ್ನು ಕನ್ನಡಕ್ಕೆ ತಂದವರಲ್ಲಿ ಸಂಬಳವಿಲ್ಲದೆ ರಾತ್ರಿ ನಿದ್ದೆಗೆಟ್ಟ ಹುಡುಗರು ಬಹಳ. ಬಾಗಿಲು ತೆರೆದಿದ್ದ ಕಡೆಯಲ್ಲೆಲ್ಲ ಕನ್ನಡ ಒಳಗೆ ಹೋಗಿದೆ. ಮುಚ್ಚಿದ ಕಡೆ ಹೊರಗೆ ನಿಂತು ಮನವಿ ಪತ್ರ ಕೊಡುತ್ತಿದ್ದೇವೆ.

ರೌಟರಿನ ವಿಷಯವೂ ಅಷ್ಟೇ. ಮುಚ್ಚಿದ ಬಾಗಿಲಿನದು, ತೆರೆದ ಬಾಗಿಲಿನದು ಎಂದು ಎರಡು ಜಾತಿ.

ಬಾಗಿಲು ತೆರೆದದ್ದು ಹೇಗೆ?

ಅದೊಂದು ಸ್ವಾರಸ್ಯದ ಪ್ರಸಂಗ. ೨೦೦೨ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಕಂಪನಿ ‘ಡಬ್ಲ್ಯುಆರ್‌ಟಿ೫೪ಜಿ’ ಎಂಬ ನೀಲಿ ಕಪ್ಪು ಬಣ್ಣದ, ಎರಡು ಕೊಂಬಿನ ರೌಟರನ್ನು ಮಾರುಕಟ್ಟೆಗೆ ಬಿಟ್ಟಿತು. ೨೦೦೩ರಲ್ಲಿ ಸಿಸ್ಕೋ ಕಂಪನಿ ಆ ಲಿಂಕ್‌ಸಿಸ್ಸನ್ನೇ ಕೊಂಡುಕೊಂಡಿತು. ಅಷ್ಟರಲ್ಲಿ ಕುತೂಹಲದ ಕೆಲವರು ಪೆಟ್ಟಿಗೆಯ ಒಳಗಿನ ತಂತ್ರಾಂಶ ಕೆದಕಿ ನೋಡಿದರೆ, ಅದು ಲಿನಕ್ಸ್! ಲಿನಕ್ಸ್ ಜಿಪಿಎಲ್ ಎಂಬ ಲೈಸೆನ್ಸಿನ ಕೆಳಗೆ ಬರುವಂಥದ್ದು. ಅದರ ಷರತ್ತು ನಮ್ಮ ಹಳ್ಳಿಯ ಬಿತ್ತನೆ ಬೀಜದ ಮರ್ಯಾದೆಯ ಹಾಗೆ: ನನ್ನಿಂದ ಬೀಜ ತಗೋ, ಬೆಳೆ, ಮಾರು, ಲಾಭ ಮಾಡು, ಆದರೆ ನಿನ್ನ ಹತ್ತಿರ ಕೊಂಡವನು ಬೀಜ ಕೇಳಿದರೆ ಇಲ್ಲ ಅನ್ನಬೇಡ. ಅಂದರೆ ತಂತ್ರಾಂಶದ ಮೂಲ ಬರವಣಿಗೆಯನ್ನು ಕೊಂಡವನಿಗೆ ಕೊಡಲೇಬೇಕು. ಒತ್ತಾಯ ಬಂತು, ಕಂಪನಿ ೨೦೦೩ರಲ್ಲೇ ಮೂಲವನ್ನು ಬಿಡುಗಡೆ ಮಾಡಿತು. ಅದನ್ನು ಹಿಡಿದುಕೊಂಡು ೨೦೦೪ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಹೆಸರಿನಲ್ಲೇ ಆ ನೀಲಿ ಪೆಟ್ಟಿಗೆಯ ಗುರುತು ಉಳಿದಿದೆ. ಡಿಡಿ-ಡಬ್ಲ್ಯುಆರ್‌ಟಿ, ಟೊಮ್ಯಾಟೊ ಮೊದಲಾದ ದಾಯಾದಿಗಳೂ ಹುಟ್ಟಿಕೊಂಡವು.

ಕಂಪನಿಗಳು ಸುಮ್ಮನಿದ್ದವೆ? ೨೦೦೫ರಲ್ಲಿ ಅದೇ ಹೆಸರು, ಅದೇ ನೀಲಿ ಬಣ್ಣ ಇಟ್ಟುಕೊಂಡು ಐದನೆಯ ಆವೃತ್ತಿಯಲ್ಲಿ ಒಳಗಿನ ನೆನಪಿನ ಸಾಮರ್ಥ್ಯವನ್ನು ಅರ್ಧ ಮಾಡಿ, ಲಿನಕ್ಸ್ ತೆಗೆದು ಬೇರೆ ಮುಚ್ಚಿದ ತಂತ್ರಾಂಶ ತುಂಬಿದರು. ಗಿರಾಕಿಗಳು ಬಿಡಲಿಲ್ಲ. ಕೊನೆಗೆ ಲಿನಕ್ಸ್ ಬೇಕೆನ್ನುವವರಿಗಾಗಿ ‘ಡಬ್ಲ್ಯುಆರ್‌ಟಿ೫೪ಜಿಎಲ್’ ಎಂಬ ಇನ್ನೊಂದು ಮಾದರಿಯನ್ನೇ ಬಿಡಬೇಕಾಯಿತು. ೨೦೦೮ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನವರು ಲೈಸೆನ್ಸ್ ಪಾಲಿಸುತ್ತಿಲ್ಲವೆಂದು ಸಿಸ್ಕೋ ಮೇಲೆ ದಾವೆ ಹೂಡಿದರು, ೨೦೦೯ರಲ್ಲಿ ರಾಜಿಯಾಯಿತು. ಅದೇ ಸಿಸ್ಕೋ ಕಂಪನಿಯ ದೊಡ್ಡ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ. ಲಿಂಕ್‌ಸಿಸ್ಸನ್ನು ಅವರು ೨೦೧೩ರಲ್ಲಿ ಮಾರಿಬಿಟ್ಟರು, ಅದು ಬೇರೆ ಮಾತು.

೨೦೧೫ರಲ್ಲಿ ಅಮೆರಿಕದ ಎಫ್‌ಸಿಸಿ ಎಂಬ ಸರ್ಕಾರಿ ಸಂಸ್ಥೆ, ರೇಡಿಯೋ ಶಕ್ತಿಯನ್ನು ಮಿತಿ ಮೀರಿ ಏರಿಸಬಾರದು ಎಂದು ನಿಯಮ ಬಿಗಿ ಮಾಡಲು ಹೊರಟಿತು. ಅದನ್ನೇ ನೆಪ ಮಾಡಿಕೊಂಡು ಹೊರಗಿನ ಫರ್ಮ್‌ವೇರ್ ಹಾಕಲು ಬಿಡದಂತೆ ಬೀಗ ಜಡಿಯುವ ಕೆಲಸ ಶುರುವಾಯಿತು. ಬಳಕೆದಾರರು ಬೊಬ್ಬೆ ಹಾಕಿದರು. ೨೦೧೬ರ ಆಗಸ್ಟಿನಲ್ಲಿ ಟಿಪಿ-ಲಿಂಕ್ ಕಂಪನಿ ಎಫ್‌ಸಿಸಿ ಜೊತೆ ಒಪ್ಪಂದ ಮಾಡಿಕೊಂಡು, ಶಕ್ತಿ ಮಿತಿ ಮೀರಿದ್ದಕ್ಕೆ ಎರಡು ಲಕ್ಷ ಡಾಲರ್ ದಂಡ ಕಟ್ಟಿದ್ದಲ್ಲದೆ, ಹೊರಗಿನ ಫರ್ಮ್‌ವೇರ್ ಹಾಕಲು ಅನುವು ಮಾಡಿಕೊಡುವ ದಾರಿ ಹುಡುಕುತ್ತೇವೆ ಎಂದೂ ಬರೆದುಕೊಟ್ಟಿತು. ಗಮನಿಸಿ: ಗಿರಾಕಿಗಳು ಬಾಯಿ ಬಿಟ್ಟದ್ದಕ್ಕೆ ಆದದ್ದು ಇದು. ಬಾಯಿ ಬಿಡುವುದರಲ್ಲಿ ನಾವೇನು ಕಡಿಮೆಯೆ?

ಕೊಳ್ಳುವ ಮುಂಚೆ

ಈಗ ನಿಮ್ಮ ಕೆಲಸಕ್ಕೆ ಬರುವ ಮಾತು. ಅಂಗಡಿಯವನು ಕೊಂಬು ಎಣಿಸಿ ಬೆಲೆ ಹೇಳುತ್ತಾನೆ. ನಾಲ್ಕು ಕೊಂಬಿಗೆ ಇಷ್ಟು, ಆರು ಕೊಂಬಿಗೆ ಅಷ್ಟು. ಎಮ್ಮೆ ಜಾತ್ರೆಯಲ್ಲೂ ಕೊಂಬು ನೋಡಿ ಕೊಳ್ಳುವವನು ಕೆಚ್ಚಲು ನೋಡುತ್ತಾನಲ್ಲವೆ?

ಪೆಟ್ಟಿಗೆ ಮೇಲೆ ೧೨೦೦ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಅದು ಎರಡು ಬ್ಯಾಂಡುಗಳ ಲೆಕ್ಕ ಕೂಡಿಸಿದ ಸಂಖ್ಯೆ: ಸುಮಾರು ೩೦೦ ಒಂದು ಕಡೆ, ೮೬೭ ಇನ್ನೊಂದು ಕಡೆ. ಹಲವು ಅಗ್ಗದ ೧೨೦೦ರ ಪೆಟ್ಟಿಗೆಗಳಲ್ಲಿ ತಂತಿ ಸಿಕ್ಕಿಸುವ ಪೋರ್ಟು ೧೦೦ಕ್ಕೇ ನಿಂತುಬಿಡುತ್ತದೆ. ನಿಮ್ಮ ಲೈನು ೧೦೦ಕ್ಕಿಂತ ಹೆಚ್ಚಿನದಾದರೆ ‘ಗಿಗಾಬಿಟ್ ಪೋರ್ಟ್ ಇದೆಯೇ’ ಎಂದು ಕೇಳಿ. ೪೦ರ ಲೈನು ಹಾಕಿಸಿಕೊಂಡವರು ೩೦೦೦ದ ಪೆಟ್ಟಿಗೆ ತಂದರೆ ಲೈನಿನ ವೇಗ ಒಂದಿಷ್ಟೂ ಏರುವುದಿಲ್ಲ.

೨.೪ ಗಿಗಾಹರ್ಟ್ಸ್ ದೂರ ಹೋಗುತ್ತದೆ, ನಿಧಾನ. ೫ ಗಿಗಾಹರ್ಟ್ಸ್ ಚುರುಕು, ಗೋಡೆ ಕಂಡರೆ ಸೊರಗುತ್ತದೆ. ಕರಾವಳಿಯ ಕೆಂಪುಕಲ್ಲಿನ ಮನೆ, ನಮ್ಮ ಕಡೆಯ ಸೈಜುಗಲ್ಲಿನ ಗೋಡೆ, ಈಗಿನ ಕಾಂಕ್ರೀಟ್ ಚಾವಣಿ, ಇವುಗಳ ಮುಂದೆ ಎಂಥ ದುಬಾರಿ ಪೆಟ್ಟಿಗೆಯೂ ಮಂಡಿಯೂರುತ್ತದೆ. ಮನೆಯ ನಡುಮಧ್ಯೆ, ಎತ್ತರದಲ್ಲಿ ಇಡಿ. ಕಬ್ಬಿಣದ ಬೀರು ಹಿಂದೆ ಅಡಗಿಸಿಟ್ಟು ‘ಸಿಗ್ನಲ್ ಬರಲ್ಲ’ ಎಂದು ಕಂಪನಿಗೆ ಬೈದರೆ ಅದು ಅನ್ಯಾಯ.

ಇನ್ನು ಮುಖ್ಯವಾದ ಸಂಗತಿ. ಕೊಳ್ಳುವ ಮುಂಚೆ ಮಾದರಿಯ ಹೆಸರು ಮತ್ತು ಆವೃತ್ತಿ ಸಂಖ್ಯೆ ಎರಡನ್ನೂ ಬರೆದುಕೊಂಡು ಓಪನ್‌ಡಬ್ಲ್ಯುಆರ್‌ಟಿಯವರ ಯಂತ್ರಪಟ್ಟಿಯಲ್ಲಿ ಹುಡುಕಿ. ಆ ನೀಲಿ ಪೆಟ್ಟಿಗೆಯಂತೆ ಇವತ್ತಿಗೂ ಹೆಸರು ಒಂದೇ ಇದ್ದು ಆವೃತ್ತಿ ಬದಲಾದರೆ ಒಳಗಿನ ಚಿಪ್ಪೇ ಬೇರೆಯಾಗಿರುತ್ತದೆ. ಆವೃತ್ತಿ ಸಂಖ್ಯೆ ಬೆನ್ನಿನ ಚೀಟಿಯಲ್ಲಿರುತ್ತದೆ. ಚಿಪ್ಪು ಮೀಡಿಯಾಟೆಕ್ ಅಥವಾ ಕ್ವಾಲ್‌ಕಾಮ್ ಅಥೆರೋಸ್ ಇದ್ದರೆ ಕೆಲಸ ಸಲೀಸಾಗುವ ಸಂಭವ ಹೆಚ್ಚು. ಬ್ರಾಡ್‌ಕಾಮ್ ವೈಫೈ ಇದ್ದರೆ ಅದರ ಚಾಲಕ ತಂತ್ರಾಂಶ ಮುಚ್ಚಿದ್ದು, ತಾಪತ್ರಯ ಜಾಸ್ತಿ. ಒಳಗಿನ ಫ್ಲ್ಯಾಷ್ ೧೬ ಎಂ.ಬಿ., ರ‍್ಯಾಮ್ ೧೨೮ ಎಂ.ಬಿ. ಇರಲಿ. ಹಳೆಯ ೪ ಎಂ.ಬಿ. ಫ್ಲ್ಯಾಷ್, ೩೨ ಎಂ.ಬಿ. ರ‍್ಯಾಮಿನ ಪೆಟ್ಟಿಗೆಗಳಿಗೆ ಈಗಿನ ಆವೃತ್ತಿಗಳು ಹಿಡಿಸುವುದಿಲ್ಲ.

ಫೈಬರ್ ಲೈನಿನವರಿಗೆ ಒಂದು ಮಾತು. ಲೈನು ಕೊಟ್ಟವರು ಗೋಡೆಗೆ ಹೊಡೆದು ಹೋಗುವ ಪೆಟ್ಟಿಗೆ ಅವರದು, ಅದರ ಒಳಗನ್ನು ಬದಲಿಸಲು ಹೋಗಬೇಡಿ. ಅದನ್ನು ‘ಬ್ರಿಡ್ಜ್’ ಮಾಡಿಕೊಡಿ ಎಂದು ಕೇಳಿ, ಅದರ ಹಿಂದೆ ನಿಮ್ಮ ಸ್ವಂತ ರೌಟರು ಹಾಕಿ. ಬ್ರಿಡ್ಜ್ ಮಾಡಿಕೊಡದಿದ್ದರೂ ಹಿಂದೆ ನಿಮ್ಮದೊಂದು ಹಾಕಿಕೊಂಡರೆ ಮನೆಯೊಳಗಿನ ಯಜಮಾನಿಕೆ ನಿಮ್ಮದೇ.

೨೦೨೪ರ ನವೆಂಬರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿಯವರೇ ಸಾಫ್ಟ್‌ವೇರ್ ಫ್ರೀಡಮ್ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಜೊತೆ ಸೇರಿ ‘ಓಪನ್‌ಡಬ್ಲ್ಯುಆರ್‌ಟಿ ಒನ್’ ಎಂಬ ತಮ್ಮದೇ ರೌಟರು ಹೊರತಂದರು. ಬಿಡುಗಡೆಯಾದಾಗ ಬೆಲೆ ೮೯ ಡಾಲರ್. ಒಳಗೆ ಎರಡು ಫ್ಲ್ಯಾಷ್, ಒಂದು ಕೆಟ್ಟರೆ ಇನ್ನೊಂದರಿಂದ ಎಬ್ಬಿಸಬಹುದು. ಎಲ್ಲರೂ ಅದನ್ನೇ ತರಿಸಿ ಅನ್ನುವುದಿಲ್ಲ. ಬೀಗವಿಲ್ಲದ ಪೆಟ್ಟಿಗೆ ಮಾಡಿ ಮಾರಬಹುದು ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ.

ಹಾಕುವಾಗ

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಕನ ಮಗ ಬರುವವರೆಗೂ ಕಾಯಲಾರದೆ ಒಂದು ರಾತ್ರಿ ನಾನೇ ಹೊರಟೆ. ಹೆಸರು ಸರಿ ನೋಡಿದೆ, ಆವೃತ್ತಿ ನೋಡಲಿಲ್ಲ. ಎರಡನೆಯ ಆವೃತ್ತಿಯ ಫರ್ಮ್‌ವೇರನ್ನು ಮೂರನೆಯದಕ್ಕೆ ಒತ್ತಿದೆ. ಪೆಟ್ಟಿಗೆ ಇಟ್ಟಿಗೆಯಾಯಿತು. ಇಂಗ್ಲಿಷಿನವರೂ ಇದಕ್ಕೆ ಇಟ್ಟಿಗೆ ಅಂತಲೇ ಅನ್ನುತ್ತಾರಂತೆ. ತಿಪ್ಪರಲಾಗ ಹಾಕಿದರೂ ಏಳಲಿಲ್ಲ. ಇನ್ನೊಂದು ತಂದೆ. ಎರಡನೆಯ ಸಲ ಸರಿಹೋಯಿತು.

ನೀವು ಹೀಗೆ ಮಾಡಿ. ಕಂಪನಿಯ ಮೂಲ ಫರ್ಮ್‌ವೇರನ್ನು ಮೊದಲೇ ಇಳಿಸಿ ಜೋಪಾನವಾಗಿಡಿ. ಕೆಟ್ಟರೆ ಎಬ್ಬಿಸುವ ದಾರಿ ಏನು ಎಂದು ಆ ಮಾದರಿಯ ಪುಟದಲ್ಲಿ ಓದಿಕೊಳ್ಳಿ. ಬೇಕಾದದ್ದನ್ನೆಲ್ಲ ಮುಂಚೆಯೇ ಇಳಿಸಿಕೊಳ್ಳಿ, ನಡುವೆ ಇಂಟರ್‌ನೆಟ್ ಇರುವುದಿಲ್ಲ. ವೈಫೈ ಬೇಡ, ತಂತಿಯಿಂದಲೇ ಜೋಡಿಸಿ. ಯು.ಪಿ.ಎಸ್. ಮೇಲೆ ಕೂರಿಸಿ, ನಮ್ಮ ಕರೆಂಟಿನ ಭರವಸೆ ಬೇಡ. ಹೊಸ ಫರ್ಮ್‌ವೇರ್ ಹೊಕ್ಕ ಮೇಲೆ ವೈಫೈ ಸಾಮಾನ್ಯವಾಗಿ ಆರಿರುತ್ತದೆ, ಗಾಬರಿಯಾಗಬೇಡಿ. ಮೊಟ್ಟಮೊದಲು ಒಳಗಿನ ಪಾಸ್‌ವರ್ಡ್ ಹಾಕಿ. ದೇಶದ ಜಾಗದಲ್ಲಿ ಭಾರತವನ್ನೇ ಆರಿಸಿ, ರೇಡಿಯೋ ಶಕ್ತಿ ನಮ್ಮ ದೇಶದ ನಿಯಮದೊಳಗಿರಬೇಕು, ಕಳ್ಳದಾರಿ ಬೇಡ. ವೈಫೈಗೆ ಡಬ್ಲ್ಯುಪಿಎ೨ ಅಥವಾ ಡಬ್ಲ್ಯುಪಿಎ೩ ಬೀಗ ಹಾಕಿ. ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಂದಿದೆಯೇ ನೋಡಿ. ಕಂಪನಿಯ ಗ್ಯಾರಂಟಿ ಹೋಗಬಹುದು, ಅದು ಗೊತ್ತಿದ್ದೇ ಕೈಹಾಕಿ. ಧೈರ್ಯ ಸಾಲದವರು ಕಡೇಪಕ್ಷ ಕಂಪನಿಯ ಪೆಟ್ಟಿಗೆಯ ಒಳಗಿನ ಪಾಸ್‌ವರ್ಡನ್ನಾದರೂ ಇವತ್ತು ರಾತ್ರಿಯೇ ಬದಲಾಯಿಸಿ.

ಲಾಭ ಏನು ಎಂದರೆ, ಕಂಪನಿ ಸತ್ತಿತೆಂದು ಸಾರಿದ ಮಾದರಿಗಳಿಗೂ ಇಲ್ಲಿ ವರ್ಷಾನುಗಟ್ಟಲೆ ತೇಪೆ ಬರುತ್ತದೆ. ನನಗೆ ಇನ್ನೊಂದು ಉಪಕಾರವಾಯಿತು. ಬೆಂಗಳೂರಿಗೆ ಪ್ಲೇಟ್ ಮಾಡಿಸಲು ದೊಡ್ಡ ಪಿ.ಡಿ.ಎಫ್. ಕಳಿಸುತ್ತಿದ್ದರೆ ಮನೆಯಲ್ಲಿ ಯಾರ ಫೋನ್ ಮಾತೂ ಕೇಳಿಸುತ್ತಿರಲಿಲ್ಲ. ಇದರಲ್ಲಿ ಎಸ್‌ಕ್ಯೂಎಂ ಎಂಬ ವ್ಯವಸ್ಥೆ ಇದೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ದೊಡ್ಡ ಮೂಟೆಯವನು ಎಲ್ಲರನ್ನೂ ತಡೆದು ನಿಲ್ಲದಂತೆ ನೋಡಿಕೊಳ್ಳುವ ಯಜಮಾನನಿದ್ದ ಹಾಗೆ. ಲೈನಿನ ವೇಗಕ್ಕಿಂತ ಶೇಕಡ ಹತ್ತು ಕಡಿಮೆ ಇಟ್ಟು ಅದನ್ನು ಶುರುಮಾಡಿದೆ. ಈಗ ಪಿ.ಡಿ.ಎಫ್. ಹೋಗುತ್ತಿದ್ದರೂ ಮನೆಯವಳು ತವರಿನ ಜೊತೆ ನಿರಾತಂಕವಾಗಿ ಮಾತಾಡುತ್ತಾಳೆ.

ನಮ್ಮವರಿಗೆ ಎರಡು ಮಾತು

ಈಗ ಕಹಿ ಮಾತು. ಈ ಸ್ವತಂತ್ರ ಫರ್ಮ್‌ವೇರಿನ ಪುಟವನ್ನು ನನ್ನ ಮನೆಯಲ್ಲಿ ನಾನು ಇವತ್ತಿಗೂ ಇಂಗ್ಲಿಷಿನಲ್ಲೇ ಓದುತ್ತಿದ್ದೇನೆ. ಹಾಗಾದರೆ ಏನು ಬಂತು ಭಾಗ್ಯ ಎಂದು ನೀವು ಕೇಳಬಹುದು. ವ್ಯತ್ಯಾಸ ಇದೆ. ಕಂಪನಿಯ ಪುಟಕ್ಕೆ ಕನ್ನಡ ಬೇಕೆಂದರೆ ಯಾವುದೋ ದೇಶದ ಯಾರಿಗೋ ಕಾಗದ ಬರೆದು ಕಾಯಬೇಕು. ಓಪನ್‌ಡಬ್ಲ್ಯುಆರ್‌ಟಿಯ ಪುಟದ ಹೆಸರು ಲೂಸಿ. ಅದರ ಮಾತುಗಳನ್ನು ಬೇರೆ ಬೇರೆ ಭಾಷೆಗೆ ತರುವವರು ಆಯಾ ಭಾಷೆಯ ಸ್ವಯಂಸೇವಕರೇ, ವೆಬ್‌ಲೇಟ್ ಎಂಬ ಜಾಗದಲ್ಲಿ ಒಂದೊಂದೇ ಸಾಲು. ಯಾರ ಅಪ್ಪಣೆಯೂ ಬೇಡ. ನಮ್ಮ ಸಂಘಟನೆಗಳಲ್ಲಿ ಎಂಜಿನಿಯರಿಂಗ್ ಓದಿದ ಹುಡುಗರು ಎಷ್ಟಿಲ್ಲ? ಒಂದು ಮೆರವಣಿಗೆಗೆ ಸೇರುವ ಜನರಲ್ಲಿ ಹತ್ತು ಮಂದಿ ಒಂದು ತಿಂಗಳು ಸಂಜೆ ಕೂತರೆ ಬೇಕಾದಷ್ಟು ಕೆಲಸ ಸಾಗುತ್ತದೆ.

ಕೂರುವವರಿಗೆ ಹಳೆಯ ಅಚ್ಚಿನವನ ಒಂದು ಕೋರಿಕೆ. ದಯವಿಟ್ಟು ‘ನಿಸ್ತಂತು ಮಾರ್ಗನಿರ್ದೇಶಕ ಸಂವಿನ್ಯಾಸ’ ಎಂದು ಬರೆಯಬೇಡಿ. ಅಂಥ ಕನ್ನಡ ನೋಡಿ ಜನ ಇಂಗ್ಲಿಷಿಗೇ ಓಡಿಹೋಗುತ್ತಾರೆ. ಬಸ್ಸು ಬಸ್ಸಾಗಿ ಉಳಿದಂತೆ ರೌಟರು ರೌಟರಾಗಿಯೇ ಇರಲಿ. ಹೆಸರು, ಗುಟ್ಟುಪದ, ಉಳಿಸು, ಆರಿಸು, ಮತ್ತೆ ಶುರುಮಾಡು, ಹೀಗೆ ನನ್ನ ಹೆಂಡತಿಗೆ ಓದಿದ ಕೂಡಲೇ ಅರ್ಥವಾಗುವ ಮಾತು ಹಾಕಿ.

“ಇಷ್ಟೆಲ್ಲ ಯಾಕೆ, ಇಂಗ್ಲಿಷ್ ಕಲಿತರೆ ಆಯಿತಲ್ಲ” ಅನ್ನುವ ಬುದ್ಧಿವಂತರು ನಮ್ಮಲ್ಲೇ ಇದ್ದಾರೆ. ಕಲಿಯಲಿ, ಬೇಡ ಅಂದವರಾರು? ಆದರೆ ಕಳ್ಳ ಇಂಗ್ಲಿಷ್ ಬಲ್ಲವರ ಮನೆಯನ್ನೇ ಹುಡುಕಿಕೊಂಡು ಬರುವುದಿಲ್ಲ. ‘ಈ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಿ’ ಎಂಬ ಒಂದು ಸಾಲು ನನ್ನ ಪೆಟ್ಟಿಗೆಯ ಜೊತೆಗೆ ಕನ್ನಡದಲ್ಲಿ ಬಂದಿದ್ದರೆ ಆ ಕಳ್ಳ ನನ್ನ ಮನೆ ಹೊಕ್ಕುತ್ತಿರಲಿಲ್ಲ. ಕನ್ನಡವೆಂದರೆ ನವೆಂಬರಿನ ಬಾವುಟ ಮಾತ್ರವಲ್ಲ, ನನ್ನ ಬ್ಯಾಂಕಿನ ದುಡ್ಡೂ ಹೌದು.

ಸರ್ಕಾರಕ್ಕೂ ಒಂದು ಮಾತು. ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲಿನಿಂದ ಕಾನೂನು ಇದೆ: ಇಂಥ ಯಂತ್ರಗಳಿಗೆ ಎಲ್ಲರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ, ಎಷ್ಟು ಕಾಲ ತೇಪೆ ಕೊಡುತ್ತೇವೆಂದು ಕಂಪನಿ ಮೊದಲೇ ಹೇಳಬೇಕು. ನಮ್ಮ ರಾಜ್ಯ ಸರ್ಕಾರ ದೇಶಕ್ಕೆಲ್ಲ ಕಾನೂನು ಮಾಡಲಾರದು, ಸರಿ. ಆದರೆ ತನ್ನ ಶಾಲೆಗಳಿಗೆ, ಪಂಚಾಯಿತಿಗಳಿಗೆ, ಗ್ರಂಥಾಲಯಗಳಿಗೆ ಪೆಟ್ಟಿಗೆ ಕೊಳ್ಳುವಾಗ ಟೆಂಡರಿನಲ್ಲಿ ಮೂರು ಸಾಲು ಸೇರಿಸಬಹುದಲ್ಲ? ಬಳಸುವ ಪುಟ ಮತ್ತು ಕೈಪಿಡಿ ಕನ್ನಡದಲ್ಲಿರಬೇಕು. ಇಷ್ಟು ವರ್ಷ ತೇಪೆ ಕೊಡುತ್ತೇವೆಂದು ಬರೆದುಕೊಡಬೇಕು. ಆಮೇಲೆ ಬೇರೆ ಫರ್ಮ್‌ವೇರ್ ಹಾಕಿಕೊಳ್ಳಲು ಬೀಗ ಇರಬಾರದು. ಮುಂದಿನ ಸಲ ಮನವಿ ಪತ್ರ ಹಿಡಿದು ಹೋಗುವ ನಮ್ಮ ಗೆಳೆಯರು ಈ ಮೂರು ಸಾಲನ್ನು ಮರೆಯದೆ ಸೇರಿಸಲಿ. ಪತ್ರ ನಾನು ಅಚ್ಚು ಹಾಕಿಕೊಡುತ್ತೇನೆ, ಕಾಗದದ ದುಡ್ಡೂ ಬೇಡ.

ನಮ್ಮಪ್ಪನ ಮೊಳೆಗಳ ಒಂದು ಕೇಸು ಇನ್ನೂ ಪ್ರೆಸ್ಸಿನ ಮೂಲೆಯಲ್ಲಿದೆ. ಸೀಸಕ್ಕೆ ದುಡ್ಡು ಕೊಡುತ್ತೇವೆಂದು ಗುಜರಿಯವರು ಎಷ್ಟು ಸಲ ಕೇಳಿದರೂ ಕೊಟ್ಟಿಲ್ಲ. ಹೊಸ ಪೆಟ್ಟಿಗೆಯನ್ನು ಅದರ ಮೇಲೆಯೇ ಇಟ್ಟಿದ್ದೇನೆ. ಮನೆಗೂ ಪ್ರೆಸ್ಸಿಗೂ ಅದು ನಡುಮಧ್ಯೆ, ಎರಡು ಕಡೆಗೂ ಸಿಗ್ನಲ್ ಚೆನ್ನಾಗಿ ಬರುತ್ತದೆ.